ರಡ್ ಕರಾರು, 1888: ಲೋಬೆಂಗುಲನ ನಾಡು ಕೈತಪ್ಪಿದ ಬಗೆ

1888ರ ಅಕ್ಟೋಬರ್ 30ರಂದು ಎಂಡೆಬೆಲೆ ಜನರ ರಾಜ ಲೋಬೆಂಗುಲ ಬುಲವಾಯೊದಲ್ಲಿ ಒಂದು ಕಾಗದದ ಮೇಲೆ ತನ್ನ ಗುರುತು ಹಾಕಿದ. ಸಹಿ ಅಲ್ಲ, ಅಡ್ಡಡ್ಡ ಎಳೆದ ಎರಡು ಗೆರೆ. 1893ರ ನವೆಂಬರ್ ಮೊದಲ ವಾರ ಅದೇ ಬುಲವಾಯೊ ಹೊತ್ತಿ ಉರಿಯುತ್ತಿತ್ತು. ರಾಜ ಉತ್ತರದ ಕಾಡಿನ ಕಡೆ ಹೊರಟುಹೋಗಿದ್ದ. ಇವತ್ತು ನಾವು ಜಿಂಬಾಬ್ವೆ ಎಂದು ಕರೆಯುವ ನಾಡು ಲಂಡನ್ನಿನ ಒಂದು ಖಾಸಗಿ ಕಂಪನಿಯ ಕೈ ಸೇರಿತ್ತು. ಇಷ್ಟಕ್ಕೆ ಹಿಡಿದದ್ದು ಐದೇ ವರ್ಷ.

ಈ ಕಥೆಯನ್ನು ಸಾಮಾನ್ಯವಾಗಿ ಹೇಳುವುದು ಹೀಗೆ: ಓದು ಬರಹ ಬಾರದ ರಾಜ, ಬಂದೂಕಿನ ಆಸೆಗೆ ಬಿದ್ದು ನಾಡನ್ನೇ ಬರೆದುಕೊಟ್ಟ. ದಾಖಲೆಗಳನ್ನು ಓದುತ್ತಾ ಹೋದರೆ ನನಗೆ ಹಾಗೆ ಕಾಣುವುದಿಲ್ಲ. ಆ ಜಾಗದಲ್ಲಿ ಕೂತ ಎಚ್ಚರದ ಮನುಷ್ಯನೊಬ್ಬ ಏನೇನು ಮಾಡಬಹುದಿತ್ತೋ ಅಷ್ಟನ್ನೂ ಲೋಬೆಂಗುಲ ಮಾಡಿದ. ಸಭೆ ಕರೆದ. ನಂಬಿದವನ ಬಾಯಲ್ಲಿ ಅರ್ಥ ಹೇಳಿಸಿಕೊಂಡ. ಅನುಮಾನ ಬಂದ ಕೂಡಲೇ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟ. ವಿಕ್ಟೋರಿಯಾ ರಾಣಿಯ ಹತ್ತಿರಕ್ಕೇ ದೂತರನ್ನು ಕಳಿಸಿದ. ಇಷ್ಟಾದರೂ ನಾಡು ಉಳಿಯಲಿಲ್ಲ. ಅದು ಹೇಗೆ ಎಂಬುದೇ ಈ ಪ್ರಕರಣದಲ್ಲಿ ನೋಡಬೇಕಾದ ವಿಷಯ.

ಎಲ್ಲರ ಕಣ್ಣು ಬುಲವಾಯೊ ಮೇಲೆ

ಎಂಡೆಬೆಲೆ ರಾಜ್ಯ ಕಟ್ಟಿದವನು ಲೋಬೆಂಗುಲನ ತಂದೆ ಮ್ಜಿಲಿಕಾಜಿ. ಜುಲು ದೊರೆ ಶಾಕಾನ ಕೈಕೆಳಗೆ ದಂಡನಾಯಕನಾಗಿದ್ದವನು 1820ರ ದಶಕದಲ್ಲಿ ಅವನಿಂದ ಬೇರೆಯಾಗಿ ಉತ್ತರಕ್ಕೆ ನಡೆದ. ಇಂದಿನ ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್‌ನಲ್ಲಿ ನೆಲೆ ನಿಂತಿದ್ದಾಗ ಬೋಯರ್ ವಲಸಿಗರು, ಅಂದರೆ ಡಚ್ ಮೂಲದ ಬಿಳಿಯ ರೈತರು, ಹೊಡೆದೋಡಿಸಿದರು. ಕೊನೆಗೆ ಲಿಂಪೋಪೊ ನದಿಯಾಚೆ ತಳವೂರಿದ. 1868ರಲ್ಲಿ ಅವನು ಸತ್ತ. ಪಟ್ಟಕ್ಕಾಗಿ ಜಗಳ ನಡೆದು, 1870ರಲ್ಲಿ ಲೋಬೆಂಗುಲ ರಾಜನಾದ.

1886ರಲ್ಲಿ ಟ್ರಾನ್ಸ್‌ವಾಲ್‌ನ ವಿಟ್‌ವಾಟರ್ಸ್‌ರಾಂಡ್‌ನಲ್ಲಿ ಚಿನ್ನ ಸಿಕ್ಕಿತು. ಅಲ್ಲಿಂದ ಮುಂದೆ ಲೋಬೆಂಗುಲನಿಗೆ ನೆಮ್ಮದಿ ಇಲ್ಲ. ಲಿಂಪೋಪೊ ಆಚೆಯೂ ಅಷ್ಟೇ ದೊಡ್ಡ ಚಿನ್ನದ ಪದರ ಇದ್ದೇ ಇದೆ ಎಂದು ಎಲ್ಲರೂ ನಂಬಿದರು. ಶೋನಾ ಜನರ ಸೀಮೆಯಲ್ಲಿ ಹಳೆಯ ಕಾಲದ ಗಣಿ ಗುಂಡಿಗಳಿದ್ದದ್ದು ಆ ನಂಬಿಕೆಗೆ ಇನ್ನಷ್ಟು ಬಲ ಕೊಟ್ಟಿತು. ಪೋರ್ಚುಗೀಸರು, ಬೋಯರರು, ಜರ್ಮನ್ನರು, ಇಂಗ್ಲಿಷರು ಎಲ್ಲರ ಕಣ್ಣೂ ಅಲ್ಲೇ. 1887ರಲ್ಲಿ ಟ್ರಾನ್ಸ್‌ವಾಲ್‌ನ ಬೋಯರ್ ಸರ್ಕಾರ ಲೋಬೆಂಗುಲನ ಜೊತೆ ಒಂದು ಸ್ನೇಹ ಒಪ್ಪಂದ ಮಾಡಿಕೊಂಡಿತು. ಅದು ಗೊತ್ತಾದದ್ದೇ ತಡ, 1888ರ ಫೆಬ್ರವರಿ 11ರಂದು ಬ್ರಿಟಿಷರ ಪರವಾಗಿ ಜಾನ್ ಸ್ಮಿತ್ ಮೊಫಾಟ್ ಇನ್ನೊಂದು ಒಪ್ಪಂದ ಮಾಡಿಸಿದ. ಬ್ರಿಟಿಷ್ ಹೈಕಮಿಷನರ್ ಒಪ್ಪಿಗೆ ಇಲ್ಲದೆ ಯಾರಿಗೂ ನೆಲ ಕೊಡುವುದಿಲ್ಲ ಎಂದು ಲೋಬೆಂಗುಲ ಅದರಲ್ಲಿ ಮಾತು ಕೊಟ್ಟ. ಈ ಮೊಫಾಟ್ ಯಾರು? ಮ್ಜಿಲಿಕಾಜಿಯ ಹಳೆಯ ಗೆಳೆಯ, ಮಿಷನರಿ ರಾಬರ್ಟ್ ಮೊಫಾಟ್‌ನ ಮಗ. ಅಪ್ಪಂದಿರ ಕಾಲದ ಸ್ನೇಹದ ಮೇಲೆ ನಿಂತ ನಂಬಿಕೆ ಅದು.

ಈ ಒಪ್ಪಂದಕ್ಕಾಗಿ ಹಿಂದೆ ನಿಂತು ಒತ್ತಾಯ ಮಾಡಿದವನು ಸೆಸಿಲ್ ರೋಡ್ಸ್. ಇಂಗ್ಲೆಂಡಿನ ಒಬ್ಬ ಪಾದ್ರಿಯ ಮಗ. ಹದಿನೇಳರ ಹರೆಯದಲ್ಲಿ ದಕ್ಷಿಣ ಆಫ್ರಿಕಾಕ್ಕೆ ಬಂದು, ಕಿಂಬರ್ಲಿಯ ವಜ್ರದ ಗಣಿಗಳಲ್ಲಿ ಬೆಳೆದು, 1888ರ ಹೊತ್ತಿಗೆ ಡಿ ಬೀರ್ಸ್ ಕಂಪನಿಯ ಒಡೆಯನಾಗಿದ್ದ. ಬೇರೆಯವರಿಗೆ ಬಾಗಿಲು ಮುಚ್ಚಿಸಿದ್ದಾಯಿತು. ಇನ್ನು ತಾನು ಒಳಗೆ ಹೋಗುವುದಷ್ಟೇ ಬಾಕಿ.

ಕಾಗದದಲ್ಲಿ ಇದ್ದದ್ದು, ಬಾಯಲ್ಲಿ ಹೇಳಿದ್ದು

ರೋಡ್ಸ್ ಮೂವರನ್ನು ಕಳಿಸಿದ. ಅವನ ಪಾಲುದಾರ ಚಾರ್ಲ್ಸ್ ರಡ್. ಕಾನೂನು ಓದಿದ ಆಕ್ಸ್‌ಫರ್ಡ್ ಗೆಳೆಯ ರಾಚ್‌ಫರ್ಟ್ ಮಗೈರ್. ಆಫ್ರಿಕಾದ ಭಾಷೆಗಳ ಪರಿಚಯವಿದ್ದ ಫ್ರಾನ್ಸಿಸ್ ಥಾಂಪ್ಸನ್. ಸೆಪ್ಟೆಂಬರ್ ಕೊನೆಯ ಭಾಗದಲ್ಲಿ ಇವರು ಬುಲವಾಯೊ ತಲುಪಿದಾಗ ರಾಜನ ಅಂಗಳದ ಸುತ್ತ ಚಿನ್ನದ ಹಕ್ಕು ಕೇಳಲು ಬಂದ ಬಿಳಿಯರು ಆಗಲೇ ಬೀಡುಬಿಟ್ಟಿದ್ದರು. ಲಂಡನ್ನಿನ ಇನ್ನೊಂದು ದೊಡ್ಡ ಕೂಟದ ಪರವಾಗಿ ಎಡ್ವರ್ಡ್ ಮೌಂಡ್ ಎಂಬುವನೂ ದಾರಿಯಲ್ಲಿದ್ದ. ಲೋಬೆಂಗುಲ ಯಾರಿಗೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಒಂದು ತಿಂಗಳಿಗಿಂತ ಜಾಸ್ತಿ ಕಾಯಿಸಿದ. ಅಷ್ಟರಲ್ಲಿ, ಬ್ರಿಟಿಷರ ಕೈಯಲ್ಲಿದ್ದ ನೆರೆಯ ಬೆಚುವಾನಾಲ್ಯಾಂಡಿನಿಂದ ಬಂದ ಬ್ರಿಟಿಷ್ ಅಧಿಕಾರಿ ಸಿಡ್ನಿ ಶಿಪರ್ಡ್ ರಡ್‌ನ ಗುಂಪಿನ ಪರ ಮಾತಾಡಿ ಹೋದ. ಒಂದು ಖಾಸಗಿ ಗುಂಪಿನ ವ್ಯವಹಾರಕ್ಕೆ ಸರ್ಕಾರದ ಮನುಷ್ಯನೇ ಬಂದು ನಿಂತರೆ ಎದುರಿಗಿದ್ದವನಿಗೆ ಅನಿಸುವುದೇ ಬೇರೆ, ಅಲ್ವಾ? ರಾಣಿಯೇ ಇವರನ್ನು ಕಳಿಸಿದ್ದಾಳೆ ಎಂಬ ಭಾವನೆ ಅಲ್ಲಿ ಬೆಳೆಯಿತು. ಅದು ಸುಳ್ಳು ಎಂದು ಯಾರೂ ತಿದ್ದಲಿಲ್ಲ.

ಕೊನೆಗೆ ಇಂಡೂನಗಳ, ಅಂದರೆ ದಳಪತಿಗಳು ಮತ್ತು ಹಿರಿಯರ, ಸಭೆ ಸೇರಿತು. ಎರಡು ದಿನ ಮಾತು ನಡೆಯಿತು. ದುಭಾಷಿಯಾಗಿ ನಿಂತವನು ಲಂಡನ್ ಮಿಷನರಿ ಸೊಸೈಟಿಯ ಚಾರ್ಲ್ಸ್ ಹೆಲ್ಮ್. ವರ್ಷಗಳಿಂದ ಅಲ್ಲೇ ಇದ್ದವನು. ರಾಜನ ಪತ್ರಗಳನ್ನು ಓದಿ ಹೇಳುತ್ತಿದ್ದವನೂ ಅವನೇ.

ಕಾಗದದಲ್ಲಿ ರಾಜನಿಗೆ ಸಿಗುವುದು ಇಷ್ಟು: ತಿಂಗಳಿಗೆ 100 ಪೌಂಡ್, 1000 ಮಾರ್ಟಿನಿ-ಹೆನ್ರಿ ಬಂದೂಕು, 1,00,000 ಗುಂಡು. ಜೊತೆಗೆ ಜಾಂಬೆಜಿ ನದಿಯಲ್ಲಿ ತೋಪು ಇಟ್ಟ ಒಂದು ಹಬೆ ದೋಣಿ, ಅದು ಬೇಡವಾದರೆ 500 ಪೌಂಡ್. ಇದಕ್ಕೆ ಬದಲಾಗಿ ರಾಜ ಕೊಟ್ಟದ್ದು ತನ್ನ ಆಳ್ವಿಕೆಯ ಎಲ್ಲ ಸೀಮೆಯಲ್ಲಿರುವ ಎಲ್ಲ ಲೋಹ, ಎಲ್ಲ ಖನಿಜದ ಮೇಲೆ ಪೂರ್ತಿ ಹಕ್ಕು. ಅದೂ ಬೇರೆ ಯಾರಿಗೂ ಪಾಲಿಲ್ಲದ ಹಕ್ಕು. ಕೊನೆಯಲ್ಲಿ ಇನ್ನೊಂದು ಸಾಲು: ಅವನ್ನು ತೆಗೆಯಲು ಏನೇನು ಮಾಡಬೇಕು ಎಂದು ಅವರಿಗೆ ಅನಿಸುತ್ತದೋ ಅದನ್ನೆಲ್ಲ ಮಾಡುವ ಪೂರ್ತಿ ಅಧಿಕಾರ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅಪಾಯದ ಸಾಲು ಇದು. ಏನು ಮಾಡಬೇಕು ಎಂದು ತೀರ್ಮಾನಿಸುವವರು ಯಾರು? ಹಕ್ಕು ಪಡೆದವರೇ. ರಸ್ತೆ ಬೇಕು ಎನ್ನಬಹುದು. ಕೋಟೆ ಬೇಕು, ಪೊಲೀಸರು ಬೇಕು ಎನ್ನಬಹುದು. ಮುಂದೆ ಅದೆಲ್ಲವೂ ಆಯಿತು.

ಇನ್ನು ಬಾಯಿಮಾತು. ನಾಲ್ಕೈದು ತಿಂಗಳ ನಂತರ, 1889ರ ಮಾರ್ಚ್‌ನಲ್ಲಿ, ಹೆಲ್ಮ್ ತನ್ನ ಸೊಸೈಟಿಗೆ ಬರೆದ ಪತ್ರದಲ್ಲಿ ಅದು ಉಳಿದುಕೊಂಡಿದೆ. ಹತ್ತು ಜನಕ್ಕಿಂತ ಜಾಸ್ತಿ ಬಿಳಿಯರನ್ನು ಕೆಲಸಕ್ಕೆ ತರುವುದಿಲ್ಲ, ಊರುಗಳ ಹತ್ತಿರ ಅಗೆಯುವುದಿಲ್ಲ, ಈ ನಾಡಿನ ಕಾನೂನಿಗೆ ತಲೆಬಾಗಿ ರಾಜನ ಪ್ರಜೆಗಳ ಹಾಗೇ ಇರುತ್ತೇವೆ ಎಂದು ಅವರು ಮಾತು ಕೊಟ್ಟಿದ್ದರಂತೆ. ಆಮೇಲೆ ಅದೇ ಪತ್ರದಲ್ಲಿ ಹೆಲ್ಮ್ ಹೇಳುತ್ತಾನೆ, ಈ ಮಾತುಗಳನ್ನು ಕರಾರಿನಲ್ಲಿ ಬರೆದಿರಲಿಲ್ಲ ಎಂದು. ಆದರೆ ಕರಾರಿನ ಮೇಲೆ ಇದೇ ಹೆಲ್ಮ್ ಪ್ರಮಾಣ ಪತ್ರ ಬರೆದುಕೊಟ್ಟಿದ್ದ. ಎಲ್ಲವನ್ನೂ ರಾಜನಿಗೂ ಇಂಡೂನಗಳ ಪೂರ್ಣ ಸಭೆಗೂ ಬಿಡಿಸಿ ಹೇಳಿದ್ದೇನೆ, ಎಂಡೆಬೆಲೆ ಜನರ ಕಟ್ಟುಕಟ್ಟಳೆಯ ಪ್ರಕಾರವೇ ನಡೆದಿದೆ ಎಂದು.

ಎಂಡೆಬೆಲೆ ಸಭೆಯಲ್ಲಿ ಹಿರಿಯರ ಮುಂದೆ ಆಡಿದ ಮಾತೇ ಕರಾರು. ಹತ್ತು ಜನ ಎಂದರೆ ಹತ್ತೇ ಜನ. ಇಂಗ್ಲಿಷ್ ಕಾನೂನಿನಲ್ಲಿ ಹಾಳೆಯ ಮೇಲೆ ಇಲ್ಲದ್ದು ಇಲ್ಲವೇ ಇಲ್ಲ. ಎರಡೂ ಕಡೆಯ ರೀತಿ ಗೊತ್ತಿದ್ದವರು ಆ ದಿನ ಅಲ್ಲಿದ್ದರು. ಈ ವ್ಯತ್ಯಾಸವನ್ನು ಅವರು ರಾಜನಿಗೆ ಹೇಳಲಿಲ್ಲ. ಮೋಸ ನಡೆದದ್ದು ಅಲ್ಲಿ.

ಗುರುತು ಬಿದ್ದ ದಿನವೇ ರಡ್ ಕಾಗದ ಹಿಡಿದು ದಕ್ಷಿಣಕ್ಕೆ ಹೊರಟ. ದಾರಿಯಲ್ಲಿ ನೀರು ಸಿಗದೆ ಸಾಯುವ ಸ್ಥಿತಿಗೆ ಬಂದ. ಬದುಕುವ ಆಸೆ ಬಿಟ್ಟು ಕಾಗದವನ್ನು ಒಂದು ಪ್ರಾಣಿಯ ಬಿಲದಲ್ಲಿ ಬಚ್ಚಿಟ್ಟಿದ್ದ. ಅಲ್ಲಿನ ಸ್ವಾನಾ ಜನರು ನೀರು ಕೊಟ್ಟು ಅವನನ್ನು ಉಳಿಸಿದರು.

ರಾಜ ಸುಮ್ನೆ ಕೂರಲಿಲ್ಲ

ಕರಾರಿನ ಸುದ್ದಿ ಪತ್ರಿಕೆಗಳಲ್ಲಿ ಬಂತು. ಸೋತು ಕೂತಿದ್ದ ಬೇರೆ ಬಿಳಿಯರು ಅದನ್ನು ರಾಜನಿಗೆ ಓದಿ ಹೇಳಿದರು. ಇಡೀ ನಾಡಿನ ಖನಿಜವನ್ನೇ ಕೊಟ್ಟುಬಿಟ್ಟಿದ್ದೀಯ ಎಂದರು. ಅವರಿಗೂ ಸ್ವಾರ್ಥ ಇತ್ತು, ನಿಜ. ಆದರೆ ಹೇಳಿದ ಮಾತು ಸರಿಯಾಗೇ ಇತ್ತು.

1889ರ ಜನವರಿಯಲ್ಲೇ ಲೋಬೆಂಗುಲ ಒಂದು ಪ್ರಕಟಣೆ ಬರೆಸಿದ. ಈ ಕರಾರಿನ ಬಗ್ಗೆ ದೊಡ್ಡ ತಪ್ಪು ತಿಳಿವಳಿಕೆ ಆಗಿದೆ, ನಾನು ವಿಚಾರಣೆ ನಡೆಸುವ ತನಕ ಅದರ ಮೇಲಿನ ಎಲ್ಲ ಕೆಲಸವನ್ನೂ ತಡೆಹಿಡಿದಿದ್ದೇನೆ ಎಂಬುದು ಅದರ ಸಾರ. ಬೆಚುವಾನಾಲ್ಯಾಂಡಿನ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಓದು ಬಾರದ ಒಬ್ಬ ರಾಜ ತನ್ನ ಎದುರಾಳಿಗಳ ಭಾಷೆಯಲ್ಲೇ, ಅವರು ಓದುವ ಪತ್ರಿಕೆಯಲ್ಲೇ ನೋಟಿಸ್ ಕೊಟ್ಟ ಎಂಬುದನ್ನು ಗಮನಿಸಿ.

ಅದರ ಜೊತೆಗೇ ಬಬಯಾನೆ ಮತ್ತು ಮ್ಶೆಟೆ ಎಂಬ ಇಬ್ಬರು ಇಂಡೂನಗಳನ್ನು ಮೌಂಡ್ ಜೊತೆ ಲಂಡನ್ನಿಗೆ ಕಳಿಸಿದ. ಎಲ್ಲರೂ ಹೇಳುವ ಆ ರಾಣಿ ನಿಜವಾಗಿ ಇದ್ದಾಳೋ ಇಲ್ಲವೋ ಕಣ್ಣಾರೆ ನೋಡಿ ಬರಬೇಕಿತ್ತು. ಮಾರ್ಚ್ 2ರಂದು ವಿಂಡ್ಸರ್ ಅರಮನೆಯಲ್ಲಿ ಅವರು ವಿಕ್ಟೋರಿಯಾಳನ್ನು ಕಂಡರು. ವಸಾಹತು ಮಂತ್ರಿ ಲಾರ್ಡ್ ನಟ್ಸ್‌ಫರ್ಡ್ ರಾಣಿಯ ಹೆಸರಿನಲ್ಲಿ ಕೊಟ್ಟ ಉತ್ತರ ಆಶ್ಚರ್ಯ ಹುಟ್ಟಿಸುವಷ್ಟು ಒಳ್ಳೆಯದಾಗಿತ್ತು: ರಾಜನಾದವನು ಪರದೇಶಿಗೆ ಒಂದು ಎತ್ತು ಕೊಡುತ್ತಾನೆ, ಇಡೀ ಮಂದೆಯನ್ನಲ್ಲ, ಹಾಗೆ ಕೊಟ್ಟರೆ ಮುಂದೆ ಬರುವ ಪರದೇಶಿಗಳು ಏನು ತಿನ್ನಬೇಕು? ದನಗಳೇ ಸಂಪತ್ತಾಗಿದ್ದ ಜನರಿಗೆ ಇದಕ್ಕಿಂತ ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ. ಆದರೆ ಆ ಪತ್ರ ಬುಲವಾಯೊ ಮುಟ್ಟಿದ್ದು ಆಗಸ್ಟ್‌ನಲ್ಲಿ.

ಅದಕ್ಕೂ ಮೊದಲೇ, ಏಪ್ರಿಲ್ 23ರಂದು, ಲೋಬೆಂಗುಲ ರಾಣಿಗೆ ಬರೆಸಿದ ಪತ್ರವೊಂದಿದೆ. ಈ ಪ್ರಕರಣದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಅದನ್ನೇ. ಚಿನ್ನ ಅಗೆಯಲು ಒಂದು ಜಾಗ ಕೇಳಿದರು, ಎನ್ನುತ್ತಾನೆ. ಒಂದು ಕಾಗದ ಬರೆದು ನನ್ನ ಮುಂದಿಟ್ಟರು. ಇದರಲ್ಲಿ ಏನಿದೆ ಎಂದು ಕೇಳಿದೆ. ನಿನ್ನ ಮಾತು ಮತ್ತು ಅವರ ಮಾತು ಇದೆ ಎಂದರು. ಕೈ ಹಾಕಿದೆ. ಮೂರು ತಿಂಗಳ ನಂತರ ಬೇರೆಯವರಿಂದ ಗೊತ್ತಾಯಿತು, ಇಡೀ ನಾಡಿನ ಖನಿಜ ಬರೆದುಕೊಟ್ಟಿದ್ದೇನೆ ಎಂದು. ಇಂಡೂನಗಳ ಸಭೆ ಕರೆದೆ. ಅವರು ಈ ಕಾಗದವನ್ನು ಒಪ್ಪುವುದಿಲ್ಲ. ಯಾಕೆಂದರೆ ಅದರಲ್ಲಿ ನನ್ನ ಮಾತೂ ಇಲ್ಲ, ಅದನ್ನು ಪಡೆದವರ ಮಾತೂ ಇಲ್ಲ.

ಎಷ್ಟು ನೇರವಾದ ವಾದ ನೋಡಿ. ಬಯ್ಗುಳವಿಲ್ಲ, ಅಳುವಿಲ್ಲ. ಏನು ಕೇಳಿದರು, ಏನು ಹೇಳಿದರು, ಏನು ಬರೆದರು ಎಂಬ ಮೂರೇ ಸಂಗತಿ. ಒಳ್ಳೆಯ ವಕೀಲನೂ ಇದನ್ನೇ ಹೇಳುತ್ತಿದ್ದ.

ಬಂದೂಕುಗಳ ವಿಷಯದಲ್ಲೂ ಅವನ ಎಚ್ಚರ ಕಾಣುತ್ತದೆ. ಆಫ್ರಿಕನ್ನರಿಗೆ ಬಂದೂಕು ಮಾರಬಾರದು ಎಂದು ದಕ್ಷಿಣದ ಬ್ರಿಟಿಷ್ ವಸಾಹತಾದ ಕೇಪ್ ಕಾಲೊನಿಯಲ್ಲಿ ಕಾನೂನಿತ್ತು. ಆದರೂ ಅಧಿಕಾರಿಗಳು ಕಣ್ಣು ಮುಚ್ಚಿಕೊಂಡದ್ದರಿಂದ 1889ರಲ್ಲಿ ಬಂದೂಕುಗಳು ಬಂದವು. ಲೋಬೆಂಗುಲ ಅವನ್ನು ತನ್ನದೆಂದು ಸ್ವೀಕರಿಸಲಿಲ್ಲ. ತೆಗೆದುಕೊಂಡರೆ ಕರಾರಿಗೆ ಒಪ್ಪಿದಂತೆ ಆಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಹಬೆ ದೋಣಿಯಂತೂ ಬರಲೇ ಇಲ್ಲ.

ಒಂದು ಸಂಗತಿಯನ್ನು ಮುಚ್ಚಿಡುವಂತಿಲ್ಲ. ಕರಾರಿಗೆ ಒಪ್ಪು ಎಂದು ಸಲಹೆ ಕೊಟ್ಟಿದ್ದ ಹಿರಿಯ ಇಂಡೂನ ಲೋತ್ಶೆಯನ್ನು 1889ರ ಸೆಪ್ಟೆಂಬರ್‌ನಲ್ಲಿ ಅವನ ಮನೆಮಂದಿಯ ಸಮೇತ ಕೊಲ್ಲಿಸಲಾಯಿತು. ಹೆದರಿದ ಥಾಂಪ್ಸನ್ ಬುಲವಾಯೊ ಬಿಟ್ಟು ಓಡಿದ. ತರುಣ ಯೋಧರ ಸಿಟ್ಟು ಏರುತ್ತಿತ್ತು. ಬಿಳಿಯರನ್ನೆಲ್ಲ ಮುಗಿಸೋಣ ಎನ್ನುವವರು ಒಂದು ಕಡೆ, ಒಂದೇ ಸಮನೆ ಗುಂಡು ಹಾರಿಸುವ ಮ್ಯಾಕ್ಸಿಮ್ ಗನ್ ಇರುವವರ ಜೊತೆ ಯುದ್ಧ ಎಂದರೆ ಸರ್ವನಾಶ ಎಂದು ತಿಳಿದಿದ್ದ ರಾಜ ಇನ್ನೊಂದು ಕಡೆ. ಲೋತ್ಶೆಯ ಸಾವು ಆ ಇಕ್ಕಟ್ಟಿನಲ್ಲಿ ನಡೆದ ಕ್ರೌರ್ಯ. ಇಕ್ಕಟ್ಟು ಎಂದ ಮಾತ್ರಕ್ಕೆ ಅದು ಕ್ರೌರ್ಯ ಅಲ್ಲದೆ ಹೋಗುವುದಿಲ್ಲ.

ಲಂಡನ್ ಮಾತು ಬದಲಿಸಿತು

ಎತ್ತು ಮತ್ತು ಮಂದೆಯ ಉತ್ತರ ಕೊಟ್ಟ ಸರ್ಕಾರವೇ ಏಳು ತಿಂಗಳಲ್ಲಿ ತಿರುಗಿ ನಿಂತಿತು. ರೋಡ್ಸ್ ಲಂಡನ್ನಿಗೆ ಹೋಗಿ ಮೌಂಡ್‌ನ ಹಿಂದಿದ್ದ ಕೂಟವನ್ನು ತನ್ನೊಳಗೆ ಸೇರಿಸಿಕೊಂಡ. ವಿರೋಧಿಸುತ್ತಿದ್ದವರು ಪಾಲುದಾರರಾದರು. ಇಬ್ಬರು ಡ್ಯೂಕ್‌ಗಳನ್ನು ನಿರ್ದೇಶಕರ ಮಂಡಳಿಗೆ ತಂದ. ಸರ್ಕಾರಕ್ಕೂ ಇದು ಅನುಕೂಲವೇ. ಖಜಾನೆಯಿಂದ ಕಾಸು ಬಿಚ್ಚದೆ ಪೋರ್ಚುಗೀಸರನ್ನೂ ಬೋಯರರನ್ನೂ ತಡೆದು ನಾಡು ಸಿಗುತ್ತದೆ. 1889ರ ಅಕ್ಟೋಬರ್ 29ರಂದು ರೋಡ್ಸ್‌ನ ಬ್ರಿಟಿಷ್ ಸೌತ್ ಆಫ್ರಿಕಾ ಕಂಪನಿಗೆ ರಾಜಶಾಸನ, ಅಂದರೆ ರಾಣಿಯ ಹೆಸರಿನ ಅಧಿಕಾರ ಪತ್ರ, ಸಿಕ್ಕಿತು. ಕರಾರಿಗೆ ಒಂದು ವರ್ಷ ತುಂಬಲು ಒಂದು ದಿನ ಬಾಕಿ ಇತ್ತು. ಈಸ್ಟ್ ಇಂಡಿಯಾ ಕಂಪನಿಯನ್ನು 1874ರಲ್ಲಿ ಮುಚ್ಚಿದ್ದರು. ಶ್ರೀರಂಗಪಟ್ಟಣದ ಪತನ ನೋಡಿದ ನಮಗೆ ವ್ಯಾಪಾರದ ಕಂಪನಿ ಪೊಲೀಸು, ಕಾನೂನು, ತೆರಿಗೆ ಹಿಡಿದು ಆಳುವುದು ಹೊಸದಲ್ಲ. ಅದೇ ಏರ್ಪಾಟನ್ನು ಹದಿನೈದು ವರ್ಷದ ಬಳಿಕ ಆಫ್ರಿಕಾದಲ್ಲಿ ಮತ್ತೆ ಜೀವಂತಗೊಳಿಸಿದರು.

ಇದರಲ್ಲಿ ಹೂಡಿಕೆದಾರರಿಗೂ ಗೊತ್ತಿಲ್ಲದ ಒಂದು ಗುಟ್ಟಿತ್ತು. ರಡ್ ಕರಾರಿನ ಒಡೆತನ ಈ ಕಂಪನಿಯದ್ದಾಗಿರಲೇ ಇಲ್ಲ. ರೋಡ್ಸ್ ಮತ್ತು ಅವನ ಆಪ್ತರ ಬೇರೊಂದು ಸಂಸ್ಥೆ ಅದನ್ನು ಇಟ್ಟುಕೊಂಡಿತ್ತು. ಕಂಪನಿ ಖರ್ಚೆಲ್ಲ ಹೊತ್ತು, ಲಾಭದ ಅರ್ಧ ಆ ಸಂಸ್ಥೆಗೆ ಕೊಡಬೇಕಿತ್ತು. ಆಮೇಲೆ ಹತ್ತು ಲಕ್ಷ ಹೊಸ ಷೇರು ಕೊಟ್ಟು ಕಂಪನಿ ಕರಾರನ್ನು ಕೊಂಡುಕೊಂಡಿತು. ರಾಜನಿಗೆ ತಿಂಗಳಿಗೆ 100 ಪೌಂಡ್ ಕೊಟ್ಟು ಪಡೆದ ಕಾಗದ, ಒಂದು ಬಕೆಟ್ ಚಿನ್ನ ತೆಗೆಯುವ ಮೊದಲೇ ಆ ಕೆಲವರನ್ನು ಇನ್ನಷ್ಟು ಸಿರಿವಂತರನ್ನಾಗಿ ಮಾಡಿತ್ತು. 1891ರ ಹೊತ್ತಿಗೆ ಈ ಗುಟ್ಟು ಸರ್ಕಾರಕ್ಕೆ ತಿಳಿಯಿತು. ರಾಜಶಾಸನ ರದ್ದು ಮಾಡಬಹುದಿತ್ತು. ಮಾಡಲಿಲ್ಲ.

1890ರ ಜನವರಿಯಲ್ಲಿ ಬುಲವಾಯೊಗೆ ಎರಡನೇ ಪತ್ರ ಬಂತು. ಈ ಸಲ ತಂದವರು ರಾಣಿಯ ಕುದುರೆ ಸವಾರ ಕಾವಲು ಪಡೆಯವರು. ಸುಡುವ ಬಿಸಿಲಿನಲ್ಲಿ ಪೂರ್ತಿ ಸಮವಸ್ತ್ರ, ಹೊಳೆಯುವ ಎದೆಕವಚ. ಬಿಳಿಯರನ್ನು ಪೂರ್ತಿ ತಡೆಯಲಾಗುವುದಿಲ್ಲ, ಒಂದೇ ಸಂಸ್ಥೆಯ ಜೊತೆ ವ್ಯವಹರಿಸುವುದೇ ವಾಸಿ ಎಂಬುದು ಈಗಿನ ಸಲಹೆ. ಲೋಬೆಂಗುಲ ಹಿಂದೆ ಹೆಲ್ಮ್‌ಗೆ ಹೇಳಿದ್ದನೆನ್ನಲಾದ ಮಾತು ಪ್ರಸಿದ್ಧ: ಗೋಸುಂಬೆ ನೊಣ ಹಿಡಿಯುವುದನ್ನು ನೋಡಿದ್ದೀಯಾ? ಹಿಂದಿನಿಂದ ಬಂದು ಅಲ್ಲಾಡದೆ ನಿಲ್ಲುತ್ತದೆ, ಒಂದೊಂದೇ ಕಾಲು ಮುಂದಿಡುತ್ತದೆ, ಕೊನೆಗೆ ನಾಲಿಗೆ ಚಾಚುತ್ತದೆ. ಇಂಗ್ಲೆಂಡ್ ಗೋಸುಂಬೆ, ನಾನು ಆ ನೊಣ.

ಯಾರನ್ನೂ ಕೇಳದೆ ಹೋದ ನೆಲ

1890ರಲ್ಲಿ ಸುಮಾರು 200 ವಲಸಿಗರು ಮತ್ತು ಕಂಪನಿಯ 500 ಪೊಲೀಸರ ದಂಡು ಬುಲವಾಯೊವನ್ನು ಬಳಸಿಕೊಂಡು ಪೂರ್ವದ ಶೋನಾ ಸೀಮೆಗೆ ನುಗ್ಗಿತು. ಸೆಪ್ಟೆಂಬರ್‌ನಲ್ಲಿ ಇಂದಿನ ಹರಾರೆ ಇರುವ ಜಾಗದಲ್ಲಿ ಬಾವುಟ ಹಾರಿಸಿದರು. ಪ್ರತಿಯೊಬ್ಬ ವಲಸಿಗನಿಗೂ 3000 ಎಕರೆ ಹೊಲ, 15 ಚಿನ್ನದ ಪಟ್ಟೆಯ (ಚಿನ್ನ ಅಗೆಯಲು ಗುರುತಿಸಿಕೊಟ್ಟ ತುಂಡು ನೆಲದ) ಆಶ್ವಾಸನೆ ಇತ್ತು. ಹತ್ತು ಜನ ಎಂದಿದ್ದು ಏಳುನೂರಾಯಿತು. ಖನಿಜದ ಹಕ್ಕು ಹೊಲವಾಯಿತು. ರಡ್ ಕರಾರಿನಲ್ಲಿ ಎಲ್ಲೂ ಹೊಲ ಕೊಟ್ಟ ಮಾತಿಲ್ಲ.

ಇಲ್ಲಿ ಹೆಚ್ಚಿನವರು ಗಮನಿಸದ ಇನ್ನೊಂದು ಅನ್ಯಾಯ ಇದೆ. ಮೊದಲು ನೆಲ ಕಳೆದುಕೊಂಡವರು ಶೋನಾ ಜನರು. ಅವರ ಮುಖಂಡರಲ್ಲಿ ಎಷ್ಟೋ ಜನ ಲೋಬೆಂಗುಲನ ಅಧೀನರೇ ಅಲ್ಲ. ಅವರನ್ನು ಯಾರೂ ಕೇಳಲಿಲ್ಲ, ಯಾವ ಕಾಗದಕ್ಕೂ ಅವರು ಕೈ ಹಾಕಿರಲಿಲ್ಲ. ಆದರೆ ಕರಾರು ಆದಷ್ಟು ಅಗಲವಾಗಬೇಕಿತ್ತಲ್ಲ? ಅದಕ್ಕೇ ಶೋನಾ ಸೀಮೆಯೆಲ್ಲ ಲೋಬೆಂಗುಲನದೇ ಎಂದು ಬ್ರಿಟಿಷರು ಒಪ್ಪಿಕೊಂಡರು. 1893ರಲ್ಲಿ ಎಂಡೆಬೆಲೆ ಪಡೆ ಕಂಪನಿಯ ನೆಲೆಯಾದ ಫೋರ್ಟ್ ವಿಕ್ಟೋರಿಯಾ ಹತ್ತಿರದ ಶೋನಾ ಹಳ್ಳಿಗಳ ಮೇಲೆ ದಾಳಿ ಮಾಡಿ ಕೊಂದಾಗ, ಈ ಸೀಮೆಯಲ್ಲಿ ನಿನಗೇನು ಅಧಿಕಾರ ಎಂದು ಅದೇ ಕಂಪನಿ ಕೇಳಿತು. ಅದೇ ಯುದ್ಧದ ನೆಪವೂ ಆಯಿತು.

ನಡುವೆ 1891ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ರೋಡ್ಸ್‌ನ ಎದುರಾಳಿ ಎಂದು ನಂಬಿ ಎಡ್ವರ್ಡ್ ಲಿಪರ್ಟ್ ಎಂಬುವನಿಗೆ ಲೋಬೆಂಗುಲ ನೂರು ವರ್ಷದ ಮಟ್ಟಿಗೆ ಜಮೀನಿನ ಹಕ್ಕು ಬರೆದುಕೊಟ್ಟ. ಇಬ್ಬರ ನಡುವೆ ಜಗಳ ಹಚ್ಚಿ ನಾಡು ಉಳಿಸಿಕೊಳ್ಳುವ ಲೆಕ್ಕಾಚಾರ. ಆದರೆ ಲಿಪರ್ಟ್ ಅದನ್ನು ರೋಡ್ಸ್‌ನ ಕಂಪನಿಗೆ ಮಾರಲು ಮೊದಲೇ ಒಪ್ಪಂದ ಮಾಡಿಕೊಂಡಿದ್ದ. ಇದು ಗೊತ್ತಿದ್ದೂ ಬ್ರಿಟಿಷ್ ಅಧಿಕಾರಿಗಳು ರಾಜನಿಗೆ ಹೇಳಲಿಲ್ಲ. ಅವರಲ್ಲಿ ಮೊಫಾಟ್ ಕೂಡ ಒಬ್ಬ.

ಯುದ್ಧ ಬೇಗ ಮುಗಿಯಿತು. ಕಂಪನಿಯ ಆಡಳಿತಗಾರ ಜೇಮ್ಸನ್, ಹಿಂದೆ ವೈದ್ಯನಾಗಿ ಲೋಬೆಂಗುಲನ ಕೀಲುನೋವಿಗೆ ಮದ್ದು ಕೊಟ್ಟವನು, ಆಗಸ್ಟ್‌ನಲ್ಲೇ ಸ್ವಯಂಸೇವಕರ ಜೊತೆ ಒಂದು ಗುಟ್ಟಿನ ಒಪ್ಪಂದ ಬರೆದಿದ್ದ. ತಲಾ 6000 ಎಕರೆ, 20 ಚಿನ್ನದ ಪಟ್ಟೆ, ಎಲ್ಲರಿಗೂ ಸೇರಿ ದೋಚಿದ ದನಗಳಲ್ಲಿ ಅರ್ಧ. ಅಂದರೆ ಯುದ್ಧ ಶುರುವಾಗುವ ಮೊದಲೇ ನಾಡನ್ನು ಹಂಚಿಕೊಂಡಿದ್ದರು. ಅಕ್ಟೋಬರ್ 25ರಂದು ಶಾಂಗಾನಿ ನದಿಯ ಹತ್ತಿರ, ನವೆಂಬರ್ 1ರಂದು ಬೆಂಬೆಸಿಯಲ್ಲಿ, ಮ್ಯಾಕ್ಸಿಮ್ ಗನ್ ಮುಂದೆ ಎಂಡೆಬೆಲೆ ಪಡೆಗಳು ನೆಲಕ್ಕುರುಳಿದವು. ಅದಕ್ಕೂ ಮೊದಲು, ಅಕ್ಟೋಬರ್‌ನಲ್ಲಿ, ಮಾತುಕತೆಗೆಂದು ರಾಜ ಕಳಿಸಿದ್ದ ಮೂವರು ದೂತರಲ್ಲಿ ಇಬ್ಬರು ಟಾಟಿಯ ಬ್ರಿಟಿಷ್ ಶಿಬಿರದಲ್ಲಿ ಸತ್ತರು.

ಓಡುತ್ತಿದ್ದ ರಾಜ ಕೊನೆಯದಾಗಿ ಒಂದು ಚೀಲ ಚಿನ್ನದ ನಾಣ್ಯ ಕಳಿಸಿದ. ಸುಮಾರು 1000 ಪೌಂಡ್. ಸೋತಿದ್ದೇನೆ, ಇದನ್ನು ತೆಗೆದುಕೊಂಡು ಹಿಂದಿರುಗಿ ಎಂಬ ಸಂದೇಶ. ಬೆನ್ನಟ್ಟುತ್ತಿದ್ದ ಪಡೆಯ ಇಬ್ಬರು ಸಿಪಾಯಿಗಳು ಚೀಲವನ್ನು ಇಟ್ಟುಕೊಂಡು ಸಂದೇಶವನ್ನು ಮುಚ್ಚಿಟ್ಟರು. ಮುಂದೆ ಅವರು ಸಿಕ್ಕಿಬಿದ್ದು ಶಿಕ್ಷೆಯೂ ಆಯಿತು. ಅಷ್ಟರಲ್ಲಿ ಲೋಬೆಂಗುಲ 1894ರ ಆರಂಭದಲ್ಲಿ ಉತ್ತರದ ಕಾಡಿನಲ್ಲೇ ತೀರಿಕೊಂಡಿದ್ದ. ಎಂಡೆಬೆಲೆ ಜನರಿಗೆ ಗ್ವಾಯಿ ಮತ್ತು ಶಾಂಗಾನಿ ಎಂಬ ಎರಡು ಮೀಸಲು ಪ್ರದೇಶ ಕೊಟ್ಟರು. ನೀರಿಲ್ಲದ, ಅವರಿಗೆ ಬೇಡವಾದ ನೆಲ. 1896ರಲ್ಲಿ ಎಂಡೆಬೆಲೆ ಮತ್ತು ಶೋನಾ ಇಬ್ಬರೂ ದಂಗೆ ಎದ್ದರು. 1898ರಲ್ಲಿ ಶೋನಾ ದಂಗೆಯ ಮುಂದಾಳುಗಳಾಗಿದ್ದ, ಮೈಮೇಲೆ ದೈವ ಬರುತ್ತದೆ ಎಂದು ಜನ ನಂಬಿದ್ದ ನೆಹಾಂಡಾ ಮತ್ತು ಕಾಗುವಿಯನ್ನು ಗಲ್ಲಿಗೇರಿಸಿದರು.

ಮೂವತ್ತು ವರ್ಷದ ನಂತರದ ತೀರ್ಪು

1918ರಲ್ಲಿ ಈ ನೆಲ ಯಾರದು ಎಂಬ ಪ್ರಶ್ನೆ ವಸಾಹತುಗಳ ಮೊಕದ್ದಮೆಗಳಿಗೆ ಕೊನೆಯ ನ್ಯಾಯಪೀಠವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಂದೆ ಬಂತು. ಕಂಪನಿ ನಮ್ಮದು ಎಂದಿತು. ವಲಸಿಗರೂ ವಾದ ಮಂಡಿಸಿದರು. ಮೂಲನಿವಾಸಿಗಳ ಪರವಾಗಿಯೂ ವಕೀಲರಿದ್ದರು. ಯಾರಿಗೂ ಹಂಚದೆ ಉಳಿದಿದ್ದ ನೆಲಕ್ಕೆ ಲಿಪರ್ಟ್ ಕಾಗದ ಒಡೆತನದ ಪತ್ರವಾಗಿ ಬೆಲೆಯಿಲ್ಲದ್ದು ಎಂದು ನ್ಯಾಯಾಧೀಶರು ಹೇಳಿದರು. ವರ್ಷಗಟ್ಟಲೆ ಹೊಲ ಹಂಚಲು ಕಂಪನಿ ತೋರಿಸುತ್ತಿದ್ದದ್ದು ಅದೇ ಕಾಗದವನ್ನು.

ಕಾಗದ ಬಿದ್ದುಹೋಯಿತು. ಆದರೂ ನೆಲ ಹಿಂದಿರುಗಲಿಲ್ಲ. 1893ರಲ್ಲಿ ಗೆದ್ದದ್ದರಿಂದ ಅದು ಬ್ರಿಟಿಷ್ ರಾಜಪ್ರಭುತ್ವಕ್ಕೆ ಸೇರಿತು, ಮೂಲನಿವಾಸಿಗಳ ಹಕ್ಕು ಅಲ್ಲಿಗೆ ಮುಗಿಯಿತು ಎಂದು ತೀರ್ಪು ಬಂತು. ಕಂಪನಿ ಆಡಳಿತಕ್ಕೆ ಕೈಯಿಂದ ಹಾಕಿದ ಹಣ ವಾಪಸ್ ಪಡೆಯಬಹುದು ಎಂದೂ ಹೇಳಿದರು. ಲೋಬೆಂಗುಲ ತನ್ನ ಪತ್ರದಲ್ಲಿ ಎತ್ತಿದ್ದ ಪ್ರಶ್ನೆ, ಅಂದರೆ ಆಡಿದ್ದು ಒಂದು ಬರೆದದ್ದು ಇನ್ನೊಂದು ಎಂಬುದು, ಯಾವ ನ್ಯಾಯಾಲಯದಲ್ಲೂ ತೀರ್ಮಾನವಾಗಲಿಲ್ಲ.

1923ರಲ್ಲಿ ಕಂಪನಿಯ ಆಡಳಿತ ಮುಗಿಯಿತು. ಖನಿಜದ ಹಕ್ಕನ್ನು ಮಾತ್ರ ಅದು ಬಿಡಲಿಲ್ಲ. 1933ರಲ್ಲಿ ಅದನ್ನು ಸದರ್ನ್ ರೊಡೇಶಿಯಾದ (ಇಂದಿನ ಜಿಂಬಾಬ್ವೆಯ ಆಗಿನ ಹೆಸರು) ಬಿಳಿಯರ ಸರ್ಕಾರಕ್ಕೆ 20 ಲಕ್ಷ ಪೌಂಡಿಗೆ ಮಾರಿತು.